ಸುನಿಲ್‌ಕುಮಾರನ ಕೊನೆಯ ಗುಂಡು

ಆ ಭಾನುವಾರ ಬೆಳಿಗ್ಗೆ ಸುನಿಲ್‌ಕುಮಾರ ಕಾಫಿ ಬೇಡ ಎಂದದ್ದೇ ತಪ್ಪಾಯಿತು.

ನೆಲಮಂಗಲದ ಆ ಮನೆಯಲ್ಲಿ ಯಾರಾದರೂ ಕಾಫಿ ಬೇಡ ಎಂದರೆ ಒಂದೋ ಜ್ವರ, ಇಲ್ಲವೇ ಗಂಡ ಹೆಂಡತಿ ಜಗಳ. ಕೆಳಗಿನ ಮನೆಯಲ್ಲಿದ್ದ ಓನರ್ ಲಕ್ಷ್ಮೀದೇವಮ್ಮ ಮೆಟ್ಟಿಲೇರಿ ಬಂದು ಅವನ ಹಣೆ ಮುಟ್ಟಿ ನೋಡಿದರು. ಬಿಸಿಯಿರಲಿಲ್ಲ. ಅವನ ಹೆಂಡತಿ ಶಿಲ್ಪಳ ಮುಖ ನೋಡಿದರು. ಜಗಳದ ಸುಳಿವೂ ಇರಲಿಲ್ಲ. ಕೊನೆಗೆ ಸುನಿಲ ಬಾಯಿಬಿಡಲೇಬೇಕಾಯಿತು. ಕಾಫಿ ಕುಡಿದರೆ ಎದೆ ಹೊಡೆದುಕೊಳ್ಳುತ್ತದೆ, ಎದೆ ಹೊಡೆದುಕೊಂಡರೆ ರೈಫಲ್ ಅಲುಗುತ್ತದೆ, ಇವತ್ತು ತನ್ನ ಮೊದಲ ಶೂಟಿಂಗ್ ಸ್ಪರ್ಧೆ ಎಂದ. ಕೆಲವು ತಿಂಗಳಿಂದ ಅವನು ಗೋಡೆಯ ಚುಕ್ಕೆಯೊಂದಕ್ಕೆ ಪೊರಕೆ ಕೋಲಿನಿಂದ ಗುರಿಯಿಟ್ಟು ಕಲ್ಲಿನಂತೆ ನಿಲ್ಲುವುದನ್ನು ಲಕ್ಷ್ಮೀದೇವಮ್ಮ ನೋಡಿದ್ದರು. ಏನೋ ಹರಕೆಯಿರಬೇಕೆಂದು ಸುಮ್ಮನಿದ್ದರು.

"ಎದೆ ಹೊಡ್ಕೊಳ್ದೆ ಇದ್ರೆ ಬದುಕೋದು ಹೆಂಗಪ್ಪಾ?" ಎಂದು ಕೇಳಿ, ತಾವೂ ಬರುವುದಾಗಿ ಹೇಳಿ ಸೀರೆ ಬದಲಿಸಲು ಹೋದರು.

ಸುನಿಲನಿಗೆ ಬಂದೂಕಿನ ಹುಚ್ಚೇನೂ ಇರಲಿಲ್ಲ. ಸೋಂಪುರದ ಪೈಪ್ ಕಾರ್ಖಾನೆಯಲ್ಲಿ ಅವನದು ಕಾಯಂ ನೈಟ್ ಶಿಫ್ಟು. ಶಿಲ್ಪ ದೊಡ್ಡಬಳ್ಳಾಪುರದ ಶಾಲೆಯೊಂದರಲ್ಲಿ ಟೀಚರು. ಇವನು ಬರುವ ಹೊತ್ತಿಗೆ ಅವಳು ಹೊರಡುತ್ತಿದ್ದಳು, ಅವಳು ಬರುವ ಹೊತ್ತಿಗೆ ಇವನು. ಮದುವೆಯಾಗಿ ವರ್ಷವಾಗುತ್ತ ಬಂದರೂ, ಭಾನುವಾರವೊಂದನ್ನು ಬಿಟ್ಟರೆ ಅವರ ಸಂಸಾರವೆಲ್ಲ ಗೇಟಿನ ಬಳಿ ಬೀಗದಕೈ ಕೊಟ್ಟು ತೆಗೆದುಕೊಳ್ಳುವಷ್ಟರಲ್ಲಿ ಮುಗಿಯುತ್ತಿತ್ತು. ಯಾವುದೇ ಆಟದಲ್ಲಿ ರಾಜ್ಯ ಮಟ್ಟಕ್ಕೆ ಆಯ್ಕೆಯಾದವರನ್ನು ಹಗಲು ಶಿಫ್ಟಿಗೆ ಹಾಕುತ್ತೇವೆ, ಸಂಜೆ ಅಭ್ಯಾಸ ಮಾಡಿಕೊಳ್ಳಲಿ ಎಂದು ಕಂಪನಿ ಪ್ರಕಟಿಸಿದಾಗ ಅವನು ಕೂತು ಯೋಚಿಸಿದ. ತಾನು ಓಡಲಾರ, ಹಾರಲಾರ. ನಿಂತಲ್ಲೇ ನಿಲ್ಲುವ ಆಟ ಇದೊಂದೇ ಕಂಡಿತು. ಮೆಷಿನ್ ಮುಂದೆ ನಿಂತೂ ನಿಂತೂ ಅದು ಮಾತ್ರ ಅವನಿಗೆ ಚೆನ್ನಾಗಿ ಬರುತ್ತಿತ್ತು. ದೊಡ್ಡಬಳ್ಳಾಪುರ ರಸ್ತೆಯ ಶೂಟಿಂಗ್ ಕ್ಲಬ್ಬಿಗೆ ಸೇರಿ, ನಿದ್ದೆಗೆಟ್ಟು ಮಧ್ಯಾಹ್ನಗಳಲ್ಲಿ ಏರ್ ರೈಫಲ್ ಕಲಿತ.

ಮೂವರೂ ಆಟೋಗೆ ಕಾಯುತ್ತಿದ್ದಾಗ ಕಾರೊಂದು ಬಂದು ನಿಂತಿತು. ಒಳಗಿದ್ದವರು ನೈಟ್ ಶಿಫ್ಟಿನ ಸೂಪರ್‌ವೈಸರ್ ವೆಂಕಟರಾಯಪ್ಪ.

"ಏನಪ್ಪಾ ಸುನಿಲ್, ಕ್ಲಬ್ಬಿಗಾ? ಹತ್ತು, ನಾನೂ ಅಲ್ಲಿಗೇ ಹೋಗ್ತಿರೋದು."

ಸುನಿಲನಿಗೆ ವಿಷಯ ತಿಳಿದದ್ದು ಕಾರು ಹತ್ತಿದ ಮೇಲೆಯೇ. ಅವನು ಆಫೀಸಿನಲ್ಲಿ ಈ ಆಟದ ಬಗ್ಗೆ ವಿಚಾರಿಸಿದ ದಿನವೇ ಸುದ್ದಿ ಅವರ ಕಿವಿಗೂ ಬಿದ್ದು, ಅವರೂ ಬೆಳಗಿನ ಬ್ಯಾಚಿಗೆ ಸೇರಿ, ಸದ್ದಿಲ್ಲದೆ ಹೆಸರು ಕೊಟ್ಟಿದ್ದರು. ದಾರಿಯುದ್ದಕ್ಕೂ ಅವರು ಉಸಿರು ಹಿಡಿಯುವುದು ಹೇಗೆಂದು ಪಾಠ ಮಾಡಿದರು. ಕೇಳುತ್ತ ಕೇಳುತ್ತ ಸುನಿಲನಿಗೆ ಉಸಿರು ಬಿಡುವುದೇ ಮರೆಯಿತು.

ಶೂಟಿಂಗ್ ಜಾಕೆಟ್ಟೆಂದರೆ ದಪ್ಪ ಕ್ಯಾನ್ವಾಸು. ಅದನ್ನೂ ಅದರ ಜೋಡಿ ಪ್ಯಾಂಟನ್ನೂ ತೊಟ್ಟರೆ ಮೊಣಕೈ, ಮೊಣಕಾಲು ಸಲೀಸಾಗಿ ಮಡಚುವುದಿಲ್ಲ. ಸುನಿಲ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡ ಬಾತುಕೋಳಿಯಂತೆ ಒಳಗೆ ಹೊರಟಾಗ ಲಕ್ಷ್ಮೀದೇವಮ್ಮ ಬಾಗಿಲಲ್ಲಿ ಅಡ್ಡ ಬಂದರು. ಕೈಯಲ್ಲಿ ಫ್ಲಾಸ್ಕಿತ್ತು. ಖಾಲಿ ಹೊಟ್ಟೆಯಲ್ಲಿ ಬಿದ್ದುಹೋದರೆ ಶಿಲ್ಪಳಿಗೆ ಯಾರು ದಿಕ್ಕು ಎಂದು ಹತ್ತು ಜನರ ಮುಂದೆ ಕೇಳಿದರು. ಕೈ ಮಡಚಲಾಗದವನು ತಡೆಯುವುದು ಹೇಗೆ? ಒಂದು ಲೋಟ ಪೂರ್ತಿ ಸ್ಟ್ರಾಂಗ್ ಕಾಫಿ ಅವನ ಗಂಟಲಿಗೆ ಇಳಿಯಿತು. ಸ್ಪರ್ಧೆ ಶುರುವಾಗುವ ಹೊತ್ತಿಗೆ ಎದೆ ತೋಟದ ಪಂಪಿನಂತೆ ಬಡಿಯುತ್ತಿತ್ತು.

ಪಕ್ಕದ ಜಾಗವೇ ವೆಂಕಟರಾಯಪ್ಪನವರದು.

ಒಂದೊಂದು ಗುಂಡಿಗೂ ಒಂದೊಂದು ಕಾರ್ಡು. ಅಂಗೈಯಗಲದ ಕಾರ್ಡಿನ ಮಧ್ಯೆ ಕಪ್ಪು ವೃತ್ತ, ಅದರ ನಟ್ಟನಡುವೆ ಸಾಸಿವೆಕಾಳಿನಷ್ಟು ಬಿಳಿ ಚುಕ್ಕೆ. ಚುಕ್ಕೆಗೆ ಬಿದ್ದರೆ ಹತ್ತು ಅಂಕ. ಹೊಡೆದ ಮೇಲೆ ಸ್ವಿಚ್ ಒತ್ತಿದರೆ ಕಾರ್ಡು ತಂತಿಯ ಮೇಲೆ ಹತ್ತಿರ ಬರುತ್ತದೆ. ಸುನಿಲ ಎದೆಬಡಿತದ ನಡುವಿನ ಬಿಡುವಿಗೆ ಕಾದು ಕಾದು ಹೊಡೆದ. ಮೊದಲು ಏಳು, ಆರು ಬಂದವು. ಕಾಫಿ ಇಳಿದಂತೆ ಒಂಬತ್ತು, ಹತ್ತು ಬರತೊಡಗಿದವು. ಹಿಂದಿನ ಬೆಂಚಿನಲ್ಲಿ ಶಿಲ್ಪ ಸೆರಗಿನ ತುದಿಯನ್ನು ಹಿಂಡಿ ಹಿಂಡಿ ಹಗ್ಗ ಮಾಡಿದ್ದಳು.

ಕೊನೆಯ ಗುಂಡು ಉಳಿಯಿತು. ಎಂಟು ಬಂದರೂ ರಾಜ್ಯ ಮಟ್ಟಕ್ಕೆ ಆಯ್ಕೆ.

"ನಂಗೆ ಒಂಬತ್ತು ಬೇಕು ಕಣಪ್ಪಾ," ಎಂದು ಪಕ್ಕದಿಂದ ವೆಂಕಟರಾಯಪ್ಪ ಪಿಸುಗುಟ್ಟಿದರು. ಅವರ ಹಣೆಯಿಂದ ನೀರಿಳಿಯುತ್ತಿತ್ತು.

ಸುನಿಲ ರೈಫಲ್ ಎತ್ತಿ ಕೆನ್ನೆಗೆ ಒತ್ತಿಕೊಂಡ. ಅದೇ ಹೊತ್ತಿಗೆ ಅವರ ಗುಂಡಿನ ಡಬ್ಬಿ ಕೆಳಗೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದಾಗ ಅವರ ಬೆನ್ನು ಬಂದು ಇವನ ಸೊಂಟಕ್ಕೆ ಬಡಿಯಿತು. ಇವನು ತತ್ತರಿಸಿ, ಕಾಲು ಬದಲಿಸಿ, ಮತ್ತೆ ನಿಂತ. ಸಮಯ ಮುಗಿಯುತ್ತ ಬಂತೆಂದು ರೆಫರಿ ಪ್ರಿಯಾಂಕ ಎಚ್ಚರಿಸಿದಳು. ಮತ್ತೆ ರೈಫಲ್ ಎತ್ತಿ ಅದರ ಮೇಲಿನ ಸಣ್ಣ ರಂಧ್ರದೊಳಗಿಂದ ನೋಡಿದ. ಕಪ್ಪು ವೃತ್ತ ತಾನಾಗಿ ಬಂದು ನಡುವೆ ಕೂತಿತು. ಎದೆ ಒಂದು ಕ್ಷಣ ಸುಮ್ಮನಾಯಿತು. ಬೆರಳು ಮುಟ್ಟಿದ್ದೇ ತಿಳಿಯದಂತೆ ಗುಂಡು ಹೊರಟಿತು. ಹತ್ತೇ ಎಂದು ನೋಡದೆಯೇ ಅವನಿಗೆ ಗೊತ್ತಾಯಿತು. ಕಲಿಯತೊಡಗಿದ ಮೇಲೆ ಹಾಗೆ ಗೊತ್ತಾದದ್ದು ಅದೇ ಮೊದಲು. ಪಕ್ಕದಲ್ಲೂ ಟಪ್ ಎಂದು ಗುಂಡು ಹಾರಿತು.

ಸ್ವಿಚ್ ಒತ್ತಿದ. ಕಾರ್ಡು ಬಂತು. ಅದರಲ್ಲಿ ತೂತೇ ಇರಲಿಲ್ಲ. ತಿರುಗಿಸಿ ನೋಡಿದ, ಬೆಳಕಿಗೆ ಹಿಡಿದು ನೋಡಿದ. ಅಂಗಡಿಯಿಂದ ಆಗಷ್ಟೇ ತಂದಂತಿತ್ತು.

ವೆಂಕಟರಾಯಪ್ಪನವರ ಕಾರ್ಡಿನಲ್ಲಿ ಎರಡು ತೂತಿದ್ದವು. ಒಂದು ಅಂಚಿನಲ್ಲಿ, ಇನ್ನೊಂದು ನಟ್ಟನಡುವೆ.

"ಮಧ್ಯದ್ದು ನಂದು ಮೇಡಂ, ತಳ್ಳಿದಾಗ ಪಕ್ಕದ ಕಾರ್ಡಿಗೆ ತಿರುಗಿಬಿಟ್ಟಿದ್ದೆ," ಎಂದ ಸುನಿಲ.

ವೆಂಕಟರಾಯಪ್ಪ ಕಾರ್ಡನ್ನು ಬಹಳ ಹೊತ್ತು ನೋಡಿದರು. ತಮ್ಮದೂ ಮಧ್ಯಕ್ಕೇ ಹೋದಂತೆ ಅನ್ನಿಸಿತು ಎಂದರು.

ಪ್ರಿಯಾಂಕ ಹಿರಿಯ ರೆಫರಿಯ ಬಳಿ ಹೋಗಿ ಮಾತಾಡಿ ಬಂದಳು. "ಯಾರ ಗುಂಡು ಯಾವ್ದು ಅಂತ ಹೇಳಕ್ಕಾಗಲ್ಲ ಸಾರ್. ಹಂಗಾದಾಗ ಕಾರ್ಡ್ ಯಾರದೋ ಅವ್ರಿಗೇ ಜಾಸ್ತಿ ಅಂಕ ಕೊಡ್ಬೇಕು. ನಿಮ್ ಕಾರ್ಡಲ್ಲಿ ಏನೂ ಇಲ್ಲ, ನಿಮಗೆ ಸೊನ್ನೆ."

ವಾಪಸು ಬರುವಾಗ ಕಾರಿನಲ್ಲಿ ವೆಂಕಟರಾಯಪ್ಪ ಒಬ್ಬರೇ ಮಾತಾಡುತ್ತಿದ್ದರು. ಊರ ಹತ್ತಿರ ಬಂದಾಗ ಅವರಿಗೆ ಸುನಿಲನ ಮೇಲೆ ನಿಜವಾಗಿಯೂ ಅಕ್ಕರೆ ಉಕ್ಕಿತು.

"ಬೇಜಾರ್ ಮಾಡ್ಕೋಬೇಡ. ಇನ್ಮೇಲೆ ನಂದು ಹಗಲು ಶಿಫ್ಟು. ರಾತ್ರಿಗೆ ನನ್ ಜಾಗಕ್ಕೆ ನಂಬಿಕಸ್ಥ ಒಬ್ಬ ಬೇಕಲ್ಲಪ್ಪಾ, ನಿನ್ ಹೆಸರೇ ಹೇಳ್ಬಿಡ್ತೀನಿ. ಸೂಪರ್‌ವೈಸರ್ ಆದ್ರೆ ಭಾನುವಾರ ರಾತ್ರೀನೂ ಬರ್ಬೇಕಾಗುತ್ತೆ, ಅಷ್ಟೇ."

ಲಕ್ಷ್ಮೀದೇವಮ್ಮ ಸಂತೋಷದಿಂದ ಶಿಲ್ಪಳ ಕೈ ಹಿಡಿದುಕೊಂಡರು. ಶಿಲ್ಪ ಬೆಳಗಿನಿಂದ ಮೊದಲ ಬಾರಿಗೆ ಬಾಯಿ ತೆರೆದಳು.

"ಇವತ್ತು ಭಾನುವಾರ ಅಲ್ವಾ ಸಾರ್?"

ವೆಂಕಟರಾಯಪ್ಪ ಸ್ಟಿಯರಿಂಗ್ ಮೇಲೆ ಬೆರಳು ಬಡಿದರು.

"ಒಳ್ಳೇದನ್ನ ನೆನಪು ಮಾಡಿದೆ ತಾಯಿ. ಇವತ್ತಿಂದಲೇ ಬರಲಿ."