ಟೀ ಅಂಗಡಿಯ ನ್ಯಾಯಾಧೀಶರು ಸಾಕ್ಷಿಕಟ್ಟೆ ಹತ್ತಿದ್ದು

ನಮ್ಮ ಚಿಕ್ಕಪ್ಪ ಈವರೆಗೆ ಕಡಿಮೆಯೆಂದರೂ ಹತ್ತು ಹನ್ನೆರಡು ಜನರನ್ನು ಗಲ್ಲಿಗೇರಿಸಿದ್ದಾರೆ. ಅದೂ ಬೆಳಗಿನ ಟೀ ಆರುವುದರೊಳಗೆ! ಇನ್ನು ಅವರಿಂದ ಜಾಮೀನು ಪಡೆದವರಿಗೆ, ಪಡೆದ ಜಾಮೀನನ್ನು ಮಾರನೆಯ ದಿನ ಕಳೆದುಕೊಂಡವರಿಗೆ ಲೆಕ್ಕವೇ ಇಲ್ಲ. ಹೆದರಬೇಡಿ, ಅವರು ಜಡ್ಜಲ್ಲ. ವಕೀಲರೂ ಅಲ್ಲ. ಪಾಂಡವಪುರದಲ್ಲಿ ಒಂದೇ ಬಾಗಿಲಿನ ಅಂಗಡಿ ಇಟ್ಟುಕೊಂಡು ಓಲೆ, ಮೂಗುತಿ, ಸರ ಮಾಡಿಕೊಡುವ ಅಕ್ಕಸಾಲಿಗರು. ಅವರ ಕೋರ್ಟು ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ನಡೆಯುತ್ತದೆ.

ಟಿವಿಯಲ್ಲಿ ಯಾವುದಾದರೂ ಕೊಲೆ ಕೇಸಿನ ವಿಚಾರಣೆ ಶುರುವಾದರೆ ಸಾಕು, ಚಿಕ್ಕಪ್ಪನ ಅಗ್ಗಿಷ್ಟಿಕೆ ಆರಿತು ಅಂತಲೇ ತಿಳಿಯಿರಿ. ಮದುವೆಗೆ ತಾಳಿ ಮಾಡಲು ಕೊಟ್ಟವರು ಅಂಗಡಿ ಮುಂದೆ ನಿಂತು ಕೂಗುತ್ತಿರುತ್ತಾರೆ, ಇವರು ಎದುರಿನ ಬೆಂಚಿನಲ್ಲಿ ಕುಳಿತು ಸಾಕ್ಷಿಗಳನ್ನು ಅಳೆಯುತ್ತಿರುತ್ತಾರೆ. ಕೋರ್ಟಿನಲ್ಲಿ ಯಾರು ಹೇಗೆ ನಡೆದುಕೊಳ್ಳಬೇಕು ಎಂಬ ವಿಷಯದಲ್ಲಂತೂ ಅವರದ್ದು ಕೊನೆಯ ಮಾತು.

"ಸಾಕ್ಷಿ ನೀರು ಕೇಳ್ದ ಅಂದ್ರೆ ಮುಗೀತು. ಸುಳ್ಳು ಏಳ್ತಾವ್ನೆ ಅಂತ್ಲೇ ಲೆಕ್ಕ. ಕಟಕಟೇಲಿ ನಿಂತೋನು ಮ್ಯಾಲೆ ನೋಡುದ್ರೆ ಗಿಲ್ಟಿ. ಕೆಳಗೆ ನೋಡುದ್ರೆ ಡಬಲ್ ಗಿಲ್ಟಿ."

"ನೇರುಕ್ಕೆ ನೋಡುದ್ರೆ?" ಎಂದು ಟೀ ಅಂಗಡಿಯವನು ಕೇಳಿದ.

"ನೇರುಕ್ಕೆ ನೋಡೋನು ನುರಿತ ಕೊಲೆಗಾರ ಕಣ್ಲಾ."

ಇಂಥವರ ಕೈಗೆ ಸಿಕ್ಕಿದ ಆರೋಪಿ ಕಣ್ಣು ಮುಚ್ಚಿಕೊಂಡೇ ನಿಂತಿರಬೇಕೇನೋ!

ಟೀ ಅಂಗಡಿಯವರೆಗೆ ಇದ್ದಿದ್ದರೆ ಸಹಿಸಬಹುದಿತ್ತು. ಮನೆಯೊಳಗೂ ಬಂತು. ಒಂದು ಬೆಳಿಗ್ಗೆ ಹಾಲಿನ ಪಾತ್ರೆ ಬರಿದಾಗಿ ಉರುಳಿಕೊಂಡಿತ್ತು. ಚಿಕ್ಕಮ್ಮ ತೊಳೆಯಲು ಎತ್ತಿಕೊಳ್ಳಬೇಕು, ಅಷ್ಟರಲ್ಲಿ ಚಿಕ್ಕಪ್ಪ ಓಡಿ ಬಂದು ಅದರ ಮೇಲೆ ಬುಟ್ಟಿ ಮುಚ್ಚಿದರು.

"ಯಾರೂ ಮುಟ್ಬೇಡಿ. ಸಾಕ್ಷಿ ಅಳಿಸೋಗ್ತದೆ."

"ಬೆಕ್ಕು ಕುಡ್ದದೆ. ಮೀಸೇಲಿ ಕೆನೆ ಅಂಗೇ ಅದೆ, ನೋಡಿ" ಎಂದರು ಚಿಕ್ಕಮ್ಮ.

"ಅದು ಸಾಂದರ್ಭಿಕ ಸಾಕ್ಷಿ ಕಣೆ. ಬರೀ ಕೆನೆ ನೋಡ್ಕೊಂಡು ಶಿಕ್ಷೆ ಕೊಡಕ್ಕಾಯ್ತದಾ?"

ಮಧ್ಯಾಹ್ನದವರೆಗೆ ಪಾತ್ರೆ ಬುಟ್ಟಿಯ ಕೆಳಗೇ ಇತ್ತು. ಮನೆಯೆಲ್ಲ ಹುಳಿ ವಾಸನೆ. ಆರೋಪಿ ಮಾತ್ರ ಜಗಲಿಯ ಬಿಸಿಲಿನಲ್ಲಿ ಕಾಲು ಚಾಚಿಕೊಂಡು ನಿದ್ದೆ ಮಾಡುತ್ತಿತ್ತು.

ಅಕ್ಕಿಹೆಬ್ಬಾಳಿನ ಮದುವೆಯ ಕಥೆ ಇನ್ನೂ ಅಧ್ವಾನ. ಅಲ್ಲಿಗೆ ಅವರನ್ನು ಕರೆದುಕೊಂಡು ಹೋದ ಪಾಪ ನನ್ನದು. ನನ್ನ ಸ್ಕೂಟರಿನ ಹಿಂದಿನ ಸೀಟನ್ನು ಅವರು ಎಂದೋ ತಮ್ಮ ಹೆಸರಿಗೆ ಬರೆಸಿಕೊಂಡಿದ್ದಾರೆ. ಊಟದ ಪಂಕ್ತಿಯಲ್ಲಿ ಪಕ್ಕದವರು ಯಾವುದೋ ಕೇಸಿನ ವಿಚಾರ ಎತ್ತಿದರು. ಚಿಕ್ಕಪ್ಪ ಅನ್ನ ಕಲಸುತ್ತಲೇ ಮರಣೋತ್ತರ ಪರೀಕ್ಷೆ ಹೇಗೆ ಮಾಡುತ್ತಾರೆ ಎಂದು ವಿವರಿಸಲು ಕುಳಿತರು. ಎಲ್ಲಿ ಕುಯ್ಯುತ್ತಾರೆ, ಏನು ತೆಗೆಯುತ್ತಾರೆ, ಯಾವುದನ್ನು ಬಾಟಲಿಯಲ್ಲಿ ಹಾಕುತ್ತಾರೆ, ಒಂದೂ ಬಿಡಲಿಲ್ಲ. ಪಾಯಸ ಬರುವ ಹೊತ್ತಿಗೆ ಅರ್ಧ ಪಂಕ್ತಿ ಎದ್ದು ಕೈ ತೊಳೆಯುತ್ತಿತ್ತು. ಹುಡುಗಿಯ ತಂದೆ ಬಂದು ನನ್ನ ಕೈ ಹಿಡಿದುಕೊಂಡು, "ನಿಮ್ ಚಿಕ್ಕಪ್ಪಾರ್ನ ಈಗ್ಲೇ ಸ್ಕೂಟ್ರು ಅತ್ತುಸ್ಬುಡವ್ವ" ಎಂದು ಬೇಡಿಕೊಂಡರು. ಸಿಟ್ಟಿನಲ್ಲಿ ನಾನು ಸ್ಕೂಟರನ್ನು ಜೋರಾಗಿ ಓಡಿಸಿದೆ. ಅದನ್ನು ಅವರು ಗಮನಿಸಲೂ ಇಲ್ಲ, ಕೆ.ಆರ್. ಪೇಟೆ ದಾಟುವವರೆಗೆ ಪಾಟೀಸವಾಲು ನಡೆದೇ ಇತ್ತು.

ಹೀಗಿರುವಾಗ ನಮ್ಮ ಕಡೆಯೇ ಒಂದು ಕೊಲೆಯಾಯಿತು. ಚಿನಕುರಳಿಯಿಂದಾಚೆ, ಕಲ್ಲುಕೋರೆಯ ಕೆಲಸಗಾರರಿಗೆ ಊಟ ಮಾಡಿ ಹಾಕುತ್ತಿದ್ದ ಹೆಂಗಸೊಬ್ಬಳನ್ನು ಯಾರೋ ಹೊಡೆದು ಸಾಯಿಸಿ, ಕತ್ತಿನ ಸರ ಕಿತ್ತುಕೊಂಡು ಹೋಗಿದ್ದರು. ಅವಳ ಕೈಯಲ್ಲೇ ಊಟ ಮಾಡುತ್ತಿದ್ದ ಒಬ್ಬನನ್ನು ಪೊಲೀಸರು ಹಿಡಿದರು. ಸರ ಅವನ ಬಟ್ಟೆಗಂಟಿನಲ್ಲಿ ಸಿಕ್ಕಿತಂತೆ. ಕೇಸು ಶ್ರೀರಂಗಪಟ್ಟಣದ ಕೋರ್ಟಿಗೆ ಬಂತು. ಸತ್ತವಳಿಗೆ ಒಬ್ಬಳೇ ಮಗಳು, ನಾಗಮಂಗಲದ ಕಡೆಗೆ ಮದುವೆ ಮಾಡಿಕೊಟ್ಟಿದ್ದರು. ಪ್ರತಿ ತಾರೀಖಿಗೂ ಅವಳು ಬಸ್ಸು ಹತ್ತಿ ಬಂದು ಕೋರ್ಟಿನ ಜಗಲಿಯಲ್ಲಿ ಕೂರುತ್ತಿದ್ದಳು.

ಚಿಕ್ಕಪ್ಪನಿಗೂ ಆ ಕೇಸಿನಲ್ಲಿ ಒಂದು ಪಾತ್ರವಿತ್ತು. ಸಿಕ್ಕಿದ ಒಡವೆಯನ್ನು ತೂಗಿ, ಇಂಥ ಚಿನ್ನ ಎಂದು ಹೇಳಿ ಸಹಿ ಹಾಕಲು ಪೊಲೀಸರು ನಮ್ಮ ಕಡೆ ಅಕ್ಕಸಾಲಿಗರನ್ನೇ ಕರೆಯುತ್ತಾರೆ. ಪೇದೆಯೊಬ್ಬರು ಸರವನ್ನು ಅವರ ಅಂಗಡಿಗೇ ತಂದಿದ್ದರು. ಆಗ ಅದು ಯಾವ ಕೇಸಿನದು ಎಂದೂ ಇವರಿಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಕೇಳಬೇಕೇ! ಟೀ ಅಂಗಡಿಯ ಬೆಂಚಿನಲ್ಲಿ ಅವರ ಜಾಗ ಮಧ್ಯಕ್ಕೆ ಬಂತು.

"ನಾನು ಬರೀ ನೋಡೋನಲ್ಲ ಈಗ. ಸರ್ಕಾರಿ ಸಾಕ್ಷಿ" ಎನ್ನುತ್ತಿದ್ದರು.

ಸಾಕ್ಷಿಯಾದವರು ತಮ್ಮ ಸರದಿ ಬರುವವರೆಗೆ ಒಳಗೆ ಕುಳಿತು ವಿಚಾರಣೆ ಕೇಳುವಂತಿಲ್ಲ. ಆದರೂ ಇವರು ತಾರೀಖು ತಪ್ಪಿಸದೆ ಹೋಗಿ ಜಗಲಿಯಲ್ಲಿ ಕೂರುತ್ತಿದ್ದರು. ಪಕ್ಕದಲ್ಲಿ ಆ ಮಗಳು. ಅವಳಿಗೂ ಸಾಕ್ಷಿ ಹೇಳುವುದಿತ್ತು. ಅವಳ ತಾಯಿಗೆ ಏಟು ಯಾವ ಕಡೆಯಿಂದ ಬಿತ್ತು, ಗಾಯ ಎಷ್ಟು ಆಳ, ಬಾಗಿಲು ಯಾವ ದಿಕ್ಕಿಗೆ ತೆರೆಯುತ್ತದೆ, ಎಲ್ಲವನ್ನೂ ಇವರು ಅವಳಿಗೇ ವಿವರಿಸುತ್ತಿದ್ದರು! ನಾನು ಎಷ್ಟು ಸಲ ಕಣ್ಣು ಬಿಟ್ಟರೂ ಪ್ರಯೋಜನವಿಲ್ಲ. ಅವಳು ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ಅವ್ನಿಗೆ ಶಿಕ್ಷೆ ಆಯ್ತದಾ ಅಣ್ಣ?"

"ಆಗ್ದೆ ಎಲ್ಲಿಗೋದಾತು? ಕಲ್ಲಂಗದೆ ಸಾಕ್ಷಿ" ಎಂದು ಇವರು ತೊಡೆ ತಟ್ಟುತ್ತಿದ್ದರು.

ಆಮೇಲೆ ಒಂದು ಬೆಳಿಗ್ಗೆ ಟೀ ಅಂಗಡಿಯಲ್ಲಿ ರಕ್ತದ ಕಲೆಯ ಬಗ್ಗೆ ಉಪನ್ಯಾಸ ನಡೆಯುತ್ತಿತ್ತು. ಸಾಸಿವೆಯಷ್ಟು ಕಲೆ ಇದ್ದರೂ ಪ್ರಯೋಗಾಲಯದವರು ಅದು ಯಾರ ರಕ್ತ ಎಂದು ಹೇಳಿಬಿಡುತ್ತಾರೆ ಎಂದರು ಚಿಕ್ಕಪ್ಪ. ಟೀ ಅಂಗಡಿಯವನು ಲೋಟ ತೊಳೆಯುತ್ತಾ ಕೇಳಿದ. "ಆ ಸರದ ಮ್ಯಾಲೂ ಇತ್ತಾ ಸ್ವಾಮಿ ರಕ್ತ?"

"ಇತ್ತೋ ಏನೋ ಕಣ್ಲಾ. ಕೊಂಡಿ ಸಂದೀಲಿ ಕಪ್ಪುಗೆ ಮೆತ್ಕೊಂಡಿತ್ತು. ಅಂಟುವಾಳದ ನೀರಲ್ಲಿ ಚೆನ್ನಾಗಿ ಉಜ್ಜಿ ತೊಳ್ದು..."

ಬಾಯಿಯ ಹತ್ತಿರ ಹೋಗಿದ್ದ ಲೋಟ ಹಾಗೇ ಕೆಳಗಿಳಿಯಿತು. ಟೀ ಕುಡಿಯದೆ ಎದ್ದು ಮನೆಗೆ ಬಂದರು.

ನಮ್ಮ ಮನೆತನದ ಅಭ್ಯಾಸ ಅದು. ಯಾರ ಮೈಮೇಲಿನ ಚಿನ್ನವೇ ಬರಲಿ, ಅಂಟುವಾಳದ ನೀರಿನಲ್ಲಿ ನೆನೆಸಿ, ಕೂಚಿನ ಬ್ರಷ್ಷಿನಿಂದ ಉಜ್ಜಿ, ಕಣ್ಣಿಗೊತ್ತಿಕೊಂಡು ಆಮೇಲೆ ತಕ್ಕಡಿಗೆ ಹಾಕಬೇಕು. ಕೊಳೆ ಸಮೇತ ಲಕ್ಷ್ಮಿಯನ್ನು ತೂಗುವಂತಿಲ್ಲ. ಪೇದೆ ಫೋನು ಬಂತೆಂದು ಹೊರಗೆ ಹೋಗಿದ್ದರಂತೆ, ಇವರ ಕೈ ತನ್ನ ಪಾಡಿಗೆ ತನ್ನ ಕೆಲಸ ಮಾಡಿತ್ತು. ತೊಳೆದದ್ದನ್ನು ಒಂದು ಸಂಗತಿ ಎಂದು ಇವರು ಅಂದುಕೊಂಡಿರಲೇ ಇಲ್ಲ.

ಚಿಕ್ಕಮ್ಮ ಎಲ್ಲ ಕೇಳಿದರು. "ಆಲಿನ ಪಾತ್ರೆ ಮುಟ್ಟಕ್ಕೆ ಬುಡ್ಲಿಲ್ಲ ನನ್ನ. ಕೊಲೆ ಸರ ಉಜ್ಜುಜ್ಜಿ ತೊಳ್ದವ್ರಲ್ಲ" ಎಂದು ಒಳಗೆ ಹೋದರು.

ಸಮನ್ಸು ಬಂದ ದಿನದಿಂದ ಬೆಂಚಿನವರೆಲ್ಲ ಸಲಹೆಗಾರರಾದರು. "ಬಾಯಿ ಬುಡ್ಬೇಡಿ. ತೊಳ್ದಿದ್ದು ಯಾರ್ ಕಂಡವ್ರೆ?" ಎಂದ ಒಬ್ಬ. "ತೂಕ ಅಷ್ಟು, ಇದು ನನ್ ಸಹಿ ಅಂದ್ಬುಟ್ಟು ಇಳ್ದು ಬನ್ನಿ" ಎಂದ ಇನ್ನೊಬ್ಬ. ಚಿಕ್ಕಪ್ಪ ಬೆಂಚಿನಿಂದೆದ್ದು ಬಂದು ನನ್ನನ್ನು ಕೇಳಿದರು. "ಏಳ್ಲಿಲ್ಲ ಅಂದ್ರೆ ಸುಳ್ಳು. ಏಳುದ್ರೆ ಆ ಮಗೀಗೆ ಅನ್ಯಾಯ. ಏನ್ ಮಾಡ್ಲವ್ವ?" ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ, ಇಷ್ಟು ದಿನ ತೀರ್ಪು ಕೊಟ್ಟವರು ಈಗಲೂ ನೀವೇ ಕೊಟ್ಟುಕೊಳ್ಳಿ ಎಂದುಬಿಟ್ಟೆ.

ಸಾಕ್ಷಿ ಹೇಳುವ ದಿನ ಸ್ಕೂಟರಿನ ಹಿಂದೆ ಒಂದು ಮಾತೂ ಕೇಳಿಸಲಿಲ್ಲ. ಬಿದ್ದುಹೋದರೇನೋ ಎಂದು ಎರಡು ಸಲ ತಿರುಗಿ ನೋಡಿದೆ.

ಕಟಕಟೆಗೆ ಮೊದಲು ಮಗಳನ್ನು ಕರೆದರು. ಚಿಕ್ಕಪ್ಪ ಹೊರಗೇ ಕುಳಿತರು, ನಾನು ಒಳಗೆ ಹೋದೆ. ಸರವನ್ನು ಕವರಿನಿಂದ ತೆಗೆಯುವಾಗ ಅವಳು ಸೆರಗನ್ನು ಮುಖಕ್ಕೆ ಒತ್ತಿಕೊಂಡು ನಿಂತಿದ್ದಳು. ನೋಡಮ್ಮ ಎಂದು ಎರಡು ಸಲ ಹೇಳಬೇಕಾಯಿತು. ಸೆರಗು ಇಳಿಸಿ ನೋಡಿದಳು. ಸ್ವಲ್ಪ ಹೊತ್ತು ನೋಡಿಯೇ ನೋಡಿದಳು.

"ನಮ್ಮವ್ವುಂದೇ" ಎಂದಳು, ಕೊನೆಯ ಸಾಲಿಗೂ ಕೇಳಿಸುವಂತೆ.

ಆಮೇಲೆ ಚಿಕ್ಕಪ್ಪನ ಸರದಿ. ತೂಕದ ಮಾತೆಲ್ಲ ಸಲೀಸಾಗಿ ಮುಗಿಯಿತು. ಆರೋಪಿಯ ಪರ ವಕೀಲರು ಎದ್ದು, "ನಿಮ್ಮ ಕೈಗೆ ಬಂದಾಗ ಸರ ಹೇಗಿತ್ತು?" ಎಂದು ಸುಮ್ಮನೆ ಎಂಬಂತೆ ಕೇಳಿದರು. ಚಿಕ್ಕಪ್ಪ ಮೇಲೆ ನೋಡಿದರು. ಕೆಳಗೆ ನೋಡಿದರು. ಆಮೇಲೆ, ದೇವರೇ, ನೀರು ಕೇಳಿದರು! ಅಂಗಡಿ ಮುಚ್ಚಿ ಬಂದಿದ್ದ ಟೀ ಅಂಗಡಿಯವನು ಹಿಂದಿನ ಸಾಲಿನಲ್ಲಿ ಹಣೆ ಹಣೆ ಚಚ್ಚಿಕೊಂಡ.

"ಕೊಳೆ ಆಗಿತ್ತು ಸ್ವಾಮಿ. ತೊಳ್ದೆ."

"ತೊಳೆಯೋಕೆ ಹೇಳಿದವರು ಯಾರು?"

"ಯಾರೂ ಏಳ್ಲಿಲ್ಲ. ತೊಳೀದೆ ತಕ್ಕಡಿಗೆ ಆಕಲ್ಲ ನಾವು. ಅಂಟುವಾಳದ ಕಾಯ್ನ ಮೊದ್ಲು ಜಜ್ಜಿ, ಬಿಸ್ನೀರಲ್ಲಿ..."

"ಕೇಳಿದ್ದಕ್ಕಷ್ಟೇ ಉತ್ತರ ಹೇಳಿ" ಎಂದರು ಜಡ್ಜು. ವಕೀಲರು ಇಷ್ಟು ಸಾಕು ಎನ್ನುವಂತೆ ಕೋಟು ಸರಿಮಾಡಿಕೊಂಡು ಕುಳಿತರು.

ಹೊರಗೆ ಬಂದ ಚಿಕ್ಕಪ್ಪ ಜಗಲಿಯ ಮೂಲೆಯ ಬೆಂಚಿನಲ್ಲಿ ಕುಸಿದರು. ಸರ್ಕಾರಿ ವಕೀಲರು ಹೋಗುತ್ತಾ, ಬೇರೆ ಸಾಕ್ಷಿಗಳಿದ್ದಾವೆ, ನೋಡೋಣ ಎಂದರು. ಅವರ ದನಿಯಲ್ಲಿ ಸಮಾಧಾನವೇನೂ ಇರಲಿಲ್ಲ. ನನಗೆ ಬೈಯಬೇಕೆನಿಸುತ್ತಿತ್ತು, ಬೈಯಲು ಆಗುತ್ತಿರಲಿಲ್ಲ. ಅಷ್ಟರಲ್ಲಿ ಆ ಮಗಳು ನಮ್ಮ ಕಡೆಗೇ ಬಂದಳು. ಒಳಗೆ ಕುಳಿತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಚಿಕ್ಕಪ್ಪ ಎದ್ದು ನಿಂತು ಕೈಮುಗಿದರು.

"ತಪ್ಪಾಯ್ತು ಕಣವ್ವ. ನಿಮ್ಮವ್ವನ ಕೇಸ ನಾನೇ ಕೆಡಿಸ್ಬುಟ್ಟೆ."

ಅವಳು ಅವರ ಕೈ ಬಿಡಿಸಿದಳು.

"ಕೇಸು ಏನಾಯ್ತದೋ ನಂಗೊತ್ತಿಲ್ಲ ಅಣ್ಣ. ಕವರು ಬಿಚ್ಚುವಾಗ ಕಣ್ಣು ಮುಚ್ಕೊಂಡುಬುಟ್ಟಿದ್ದೆ. ಅವ್ವನ ರಕ್ತ ನೋಡ್ಬೇಕಲ್ಲಪ್ಪ ಅಂತ. ರಾತ್ರಿಯೆಲ್ಲ ಅದೇ ಯೋಚ್ನೆ. ಕಣ್ ಬುಟ್ಟು ನೋಡುದ್ರೆ ಪಳಪಳ ಅಂತಿತ್ತು. ಅಬ್ಬದ ದಿನ ತಲೆಗೆ ನೀರುಯ್ಕೊಂಡು ಬಂದು ಆಕೊತಿದ್ಲಲ್ಲ, ಅಂಗೇ ಇತ್ತು. ನೀವು ತೊಳ್ದಿದ್ದಾ ಅದು?"

ಚಿಕ್ಕಪ್ಪ ತಲೆಯಾಡಿಸಿದರು. ಬೆಂಚಿನಲ್ಲಿ ಕುಳಿತು ಪಕ್ಕಕ್ಕೆ ಸರಿದು ಅವಳಿಗೆ ಜಾಗ ಮಾಡಿದರು. ಇಷ್ಟು ತಾರೀಖುಗಳಲ್ಲಿ ಒಮ್ಮೆಯೂ ಕೇಳದಿದ್ದ ಮಾತೊಂದನ್ನು ಮೆಲ್ಲಗೆ ಕೇಳಿದರು.

"ನಿಮ್ಮವ್ವ ಎಂಗಿದ್ರು ಮಗಾ?"

ಅವಳು ಕಣ್ಣೊರೆಸಿಕೊಂಡು ಹೇಳಲು ಶುರುಮಾಡಿದಳು. ಅವ್ವನ ಜೋರು ನಗು, ಕಂಡಕ್ಟರುಗಳ ಜೊತೆ ಜಗಳ, ರಾಗವಿಲ್ಲದ ಸೋಬಾನೆ ಪದ. ನಾಗಮಂಗಲದ ಬಸ್ಸಿಗೆ ಹೊತ್ತಾಗುತ್ತಿದ್ದರೂ ಹೇಳುತ್ತಲೇ ಹೋದಳು. ನಮ್ಮ ಚಿಕ್ಕಪ್ಪ ಮಧ್ಯೆ ಒಂದು ಸಲವೂ ಬಾಯಿ ಹಾಕಲಿಲ್ಲ.