ಒಗೆಯಬಾರದ ಜೀನ್ಸು

ಒಬ್ಬ ಮನುಷ್ಯ ತನ್ನ ಪ್ಯಾಂಟನ್ನು ಎಷ್ಟು ದಿನಕ್ಕೊಮ್ಮೆ ಒಗೆಯಬೇಕು ಎಂಬುದು ಅವನ ಖಾಸಗಿ ವಿಷಯವೆಂದು ನಾನು ತಿಳಿದಿದ್ದೆ. ಆದರೆ ಮದುವೆಯಾದವನಿಗೆ ಖಾಸಗಿ ವಿಷಯ ಎಂಬುದೇ ಇರುವುದಿಲ್ಲ. ಮದುವೆಯಾಗಿ, ನಿವೃತ್ತನಾಗಿ, ಲಂಡನ್ನಿನ ಹ್ಯಾರೋ ಬಡಾವಣೆಯಲ್ಲಿ ಮಗಳ ಮನೆಯಲ್ಲಿ ಇರುವವನ ಪ್ಯಾಂಟಂತೂ ಸಾರ್ವಜನಿಕ ಆಸ್ತಿ.

ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ. (ಹೈಸ್ಕೂಲಿನಲ್ಲಿ ಜೀವಮಾನವಿಡೀ ಕನ್ನಡ ಕಲಿಸಿದವನಿಗೆ ಪೀಠಿಕೆಯಿಲ್ಲದೆ ಮಾತಾಡಲು ಬರುವುದಿಲ್ಲ. ಓದುಗರು ಕ್ಷಮಿಸಬೇಕು.)

ಮೈಸೂರಿನಲ್ಲಿ ನಿವೃತ್ತನಾದ ಮೇಲೆ ನಾನೂ ನನ್ನ ಹೆಂಡತಿ ವತ್ಸಲೆಯೂ ಮಗಳು ಚಿನ್ಮಯಿಯ ಮನೆಗೆ ಬಂದು ನೆಲೆಸಿದೆವು. ಚಿನ್ಮಯಿ ಇಲ್ಲಿನ ಆಸ್ಪತ್ರೆಯೊಂದರಲ್ಲಿ ವೈದ್ಯೆ. ವತ್ಸಲೆ ಬಂದ ವಾರದಲ್ಲೇ ಯಾವ ಅಂಗಡಿಯ ನುಗ್ಗೆಕಾಯಿ ಎಳೆಯದು, ಯಾವ ಅಂಗಡಿಯವನ ಕರಿಬೇವು ಬಾಡಿದ್ದು ಎಂದು ಪತ್ತೆ ಮಾಡಿ ಹ್ಯಾರೋವನ್ನು ವಶಪಡಿಸಿಕೊಂಡಳು. ನನ್ನ ಪಾಲಿಗೆ ಬಂದದ್ದು ಕನ್ನಡ ಸಂಘದವರು ಚರ್ಚಿನ ಹಿಂದಿನ ಹಾಲಿನಲ್ಲಿ ನಡೆಸುವ ಶನಿವಾರದ ಕನ್ನಡ ತರಗತಿ. ವಾರದ ಉಳಿದ ದಿನಗಳಲ್ಲಿ ನಾನು ಒಬ್ಬರ ಅಪ್ಪ, ಇನ್ನೊಬ್ಬರ ಗಂಡ. ಶನಿವಾರ ಮಾತ್ರ ನಾನು ಶೇಷಾದ್ರಿ ಮೇಷ್ಟ್ರು.

ಮಕ್ಕಳು ಒಳ್ಳೆಯವರೇ. ಕಷ್ಟವೇನೆಂದರೆ, ನಾನು ಹೇಳಿದ ಕನ್ನಡವೆಲ್ಲ ಅವರಿಗೆ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತಿತ್ತು. ವಿಭಕ್ತಿ ಪ್ರತ್ಯಯಗಳನ್ನು ಗಿಣಿಗಳಂತೆ ಒಪ್ಪಿಸುತ್ತಿದ್ದರು. ಒಪ್ಪಿಸಿ ಮುಗಿಸಿದ ಕೂಡಲೇ, "ಕ್ಯಾನ್ ವೀ ಗೋ ನೌ, ಸರ್?"

ಒಂದು ದಿನ ಸಂಘದ ಕಾರ್ಯದರ್ಶಿ ಶಶಿಧರ ನನ್ನನ್ನು ಪಕ್ಕಕ್ಕೆ ಕರೆದರು. ಬೆಂಗಳೂರಿನವರು, ಸಾಫ್ಟ್‌ವೇರಿನವರು, ಕೆಟ್ಟ ಸುದ್ದಿಯನ್ನೂ ನಗುತ್ತ ಹೇಳುವವರು.

"ಮೇಷ್ಟ್ರೇ, ಬೇಜಾರ್ ಮಾಡ್ಕೋಬೇಡಿ. ಮಕ್ಕಳು ಒಂದು ಸೆಂಟೆನ್ಸೂ ಕನ್ನಡ ಮಾತಾಡ್ತಿಲ್ಲ ಅಂತ ಪೇರೆಂಟ್ಸ್ ಹೇಳ್ತಿದಾರೆ. ಸಮ್ಮರ್ ರಜಕ್ಕೆ ಮುಂಚೆ ಕಮಿಟಿಯವ್ರು ಬಂದು ಒಂದ್ಸಲ ಕ್ಲಾಸ್ ನೋಡ್ತೀವಿ. ಆಗ್ಲೂ ಹಿಂಗೇ ಇದ್ರೆ ನಿಲ್ಲಿಸ್ಬೇಕಾಗುತ್ತೆ. ಹಾಲ್ ಬೇಕು ಅಂತ ಜುಂಬಾ ಡ್ಯಾನ್ಸಿನವ್ರು ಆಗ್ಲೇ ಕೇಳಿದಾರೆ."

ಆ ರಾತ್ರಿ ಊಟ ಸೇರಲಿಲ್ಲ. ಚಿನ್ಮಯಿಗೆ ಕನಿಕರವಾಯಿತು. "ಅಪ್ಪಾ, ನೀನು ಇಸ್ತ್ರಿ ಪ್ಯಾಂಟು ಹಾಕ್ಕೊಂಡು ಹೋದ್ರೆ ಸ್ಕೂಲ್ ಇನ್‌ಸ್ಪೆಕ್ಟರ್ ಬಂದ ಹಾಗಿರುತ್ತೆ. ಮಕ್ಕಳು ಬಾಯಿ ಬಿಡ್ತಾರಾ? ಒಂದು ಜೀನ್ಸ್ ತಗೋ. ಸ್ವಲ್ಪ ಹತ್ರ ಬರ್ತಾರೆ."

ಅವಳ ಮನಸ್ಸಿನಲ್ಲಿದ್ದದ್ದು ಸೂಪರ್ ಮಾರ್ಕೆಟ್ಟಿನಲ್ಲಿ ಆಲೂಗಡ್ಡೆಯ ಜೊತೆಗೆ ಸಿಗುವ ಜೀನ್ಸು. ನಾನೋ ಮೆಟ್ರೋಪಾಲಿಟನ್ ಲೈನಿನ ರೈಲು ಹಿಡಿದು ಊರೊಳಕ್ಕೇ ಹೋಗಿ, ಹೊರಗಿನಿಂದ ಮರಗೆಲಸದ ಷೆಡ್ಡಿನಂತೆ ಕಾಣುತ್ತಿದ್ದ ಒಂದು ಅಂಗಡಿಗೆ ನುಗ್ಗಿದೆ. ಅಲ್ಲಿ ಋಷಿಯಂತೆ ಗಡ್ಡ ಬಿಟ್ಟ ತರುಣನೊಬ್ಬ ನನ್ನನ್ನು ಕೂರಿಸಿಕೊಂಡು ಉಪದೇಶ ಮಾಡಿದ. ಇದು ರಾ ಡೆನಿಮ್, ಅಂದರೆ ಹಸಿ ಬಟ್ಟೆ. ನೇಯ್ದ ಮೇಲೆ ಇದಕ್ಕೆ ನೀರು ಸೋಕಿಸಿಲ್ಲ. ಈಗ ಹಲಗೆಯಂತಿದೆ, ನಿಜ. ಆದರೆ ನೀವು ಕೂತಂತೆ, ಎದ್ದಂತೆ, ನಡೆದಂತೆ ನಿಮ್ಮ ಮೈಯ ಮಡಿಕೆಗಳೆಲ್ಲ ಇದರಲ್ಲಿ ಗೆರೆಗೆರೆಯಾಗಿ ಮೂಡುತ್ತವೆ. ಅದಕ್ಕೇ ಆರು ತಿಂಗಳು ಒಗೆಯಕೂಡದು. ಆತುರಪಟ್ಟು ಒಗೆದರೆ ಎಲ್ಲ ಮಸುಕಾಗುತ್ತದೆ.

"ವಾಸನೆ ಬಂದರೆ?" ಎಂದು ನಾನು ವಿನಯದಿಂದ ಕೇಳಿದೆ.

"ರಾತ್ರಿ ಫ್ರೀಜರಿನಲ್ಲಿಡಿ. ಬಹಳ ಜನ ಹಾಗೇ ಮಾಡುತ್ತಾರೆ," ಎಂದ ಆ ಮಹಾನುಭಾವ. ನಾನು ದೀಕ್ಷೆ ಪಡೆದವನಂತೆ ಜೀನ್ಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮನೆಗೆ ಬಂದೆ.

ವತ್ಸಲೆ ಪದ್ಧತಿಯಂತೆ ಹೊಸ ಬಟ್ಟೆಯ ಅಂಚಿಗೆ ಅರಿಶಿನ ಕುಂಕುಮ ಹಚ್ಚಿದಳು. ಅಲ್ಲಿಯವರೆಗೆ ಎಲ್ಲ ಮಂಗಳಕರವಾಗಿಯೇ ಇತ್ತು.

"ಗಂಜಿ ನಾತ ಹೊಡೀತಿದೆ. ಒಂದು ಸಲ ಮೆಷಿನ್ನಿಗೆ ಹಾಕಿ ಕೊಡ್ಲಾ?"

"ಮುಟ್ಟಬೇಡ! ಇದನ್ನು ಒಗೆಯಬಾರದು."

"ಇವತ್ತು ಬೇಡ ಅಂದ್ರೆ ನಾಳೆ ಒಗೀತೀನಿ, ಬಿಡಿ."

"ನಾಳೆಯೂ ಬೇಡ. ಆಷಾಢ ಕಳೆಯುವವರೆಗೆ ಬೇಡ."

ಆಗ ಇನ್ನೂ ಮಾಘಮಾಸ. ವತ್ಸಲೆ ನನ್ನ ಹಣೆ ಮುಟ್ಟಿ ನೋಡಿದಳು. "ಅಲ್ಲಾ ರೀ, ಅಂಗಿ ಮೇಲೆ ಒಂದು ತೊಟ್ಟು ಕಾಫಿ ಬಿದ್ರೆ ಊರು ಒಂದು ಮಾಡೋ ಮನುಷ್ಯ ನೀವು. ಆ ಅಂಗಡೀಲಿ ಏನಾದ್ರೂ ಕುಡಿಸಿದ್ರಾ?"

ನಾನು ಬ್ರಹ್ಮಾಸ್ತ್ರ ತೆಗೆದೆ. "ಪೂಜೆಗೆ ಉಡ್ತೀಯಲ್ಲ, ಆ ರೇಷ್ಮೆ ಮಡಿ ಸೀರೆ, ಅದು ನೀರು ಕಂಡು ಎಷ್ಟು ವರ್ಷವಾಯಿತು? ರೇಷ್ಮೆಗೆ ಮೈಲಿಗೆಯಿಲ್ಲ ಅಂತ ನೀನೇ ಹೇಳ್ತೀಯ. ಇದೂ ಒಂದು ಬಗೆಯ ಮಡಿ ಅಂದುಕೋ."

"ಅದನ್ನುಟ್ಟು ನಾನು ಬಸ್ಸಲ್ಲಿ ಕೂತ್ಕೋತೀನಾ? ದೇವರ ಮುಂದೆ ಅರ್ಧ ಗಂಟೆ ಕೂತು ಬಿಚ್ಚಿಡ್ತೀನಿ. ಈ ಗೋಣಿತಾಟನ್ನ ನೀವು ಯಾವ ದೇವರ ಮುಂದೆ ಬಿಚ್ಚಿಡ್ತೀರಿ?"

ನೂರಾರು ಮಕ್ಕಳ ತರ್ಕವನ್ನು ತಿದ್ದಿದ ನಾನು ಜೀನ್ಸನ್ನು ಎತ್ತಿ ಕಂಕುಳಲ್ಲಿಟ್ಟುಕೊಂಡೆ. ಅಂದೇ ಮನೆಯಲ್ಲಿ ಹೊಸ ಶಾಸನ ಜಾರಿಗೆ ಬಂತು. ಜೀನ್ಸಿಗೆ ದೇವರ ಕೋಣೆಗೂ ಅಡುಗೆಮನೆಗೂ ಪ್ರವೇಶವಿಲ್ಲ. ಅದರ ವಾಸ್ತವ್ಯ ಹಿತ್ತಲಿನ ಷೆಡ್ಡಿನಲ್ಲಿ, ಹುಲ್ಲು ಕತ್ತರಿಸುವ ಯಂತ್ರದ ಪಕ್ಕದ ಮೊಳೆಯಲ್ಲಿ. ಶನಿವಾರ ಬೆಳಿಗ್ಗೆ ನಾನು ಷೆಡ್ಡಿಗೆ ಪಂಚೆಯಲ್ಲಿ ಹೋಗಿ ಜೀನ್ಸಿನಲ್ಲಿ ಹೊರಬರುತ್ತಿದ್ದೆ. ಪಕ್ಕದ ಮನೆಯ ಮುದುಕಿ ಪರದೆ ಸರಿಸಿ ನೋಡುತ್ತಿದ್ದಳು.

ಬಣ್ಣ ಬಿಡುವುದರಲ್ಲಿ ಆ ಜೀನ್ಸು ಕರ್ಣನಂಥ ದಾನಿ. ಸೋಫಾಕ್ಕೆ ಕೊಟ್ಟಿತು, ಕಾರಿನ ಸೀಟಿಗೆ ಕೊಟ್ಟಿತು, ಕೊನೆಗೆ ನನಗೂ ಕೊಟ್ಟಿತು. ಒಂದು ಸಂಜೆ ಡ್ಯೂಟಿ ಮುಗಿಸಿ ಬಂದ ಚಿನ್ಮಯಿ ನನ್ನ ಕಾಲು ನೋಡಿ ಚೀಲ ಬಿಸಾಡಿ ಓಡಿಬಂದಳು.

"ಅಪ್ಪಾ! ಕಾಲೆಲ್ಲ ನೀಲಿ ಆಗಿದೆ! ಉಸಿರಾಡೋಕೆ ಕಷ್ಟ ಆಗ್ತಿದ್ಯಾ? ಎದೆ ನೋವಿದ್ಯಾ?"

ಕಾಲ್ಬೆರಳು ಒತ್ತಿದಳು, ನಾಡಿ ಹಿಡಿದಳು, ನಾಲಿಗೆ ಚಾಚಿಸಿದಳು. ಕೊನೆಗೆ ಏನೋ ಹೊಳೆದು ಒದ್ದೆ ಹತ್ತಿಯಿಂದ ಮೊಣಕಾಲು ಒರೆಸಿದಳು. ಹತ್ತಿ ನೀಲಿಯಾಯಿತು, ಕಾಲು ಬಿಳಿಯಾಯಿತು. ರೋಗಿಗೆ ರೋಗವಿಲ್ಲವೆಂದು ಅಷ್ಟು ಸಿಟ್ಟಾದ ವೈದ್ಯರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇಷ್ಟೆಲ್ಲ ತ್ಯಾಗಕ್ಕೆ ಫಲ ಸಿಕ್ಕಿತೇ? ಮೊದಲ ಶನಿವಾರ ಅಮೋಘ್ ಎಂಬ ಹುಡುಗ, "ನೈಸ್ ಜೀನ್ಸ್, ಸರ್!" ಎಂದ. ಇಂಗ್ಲಿಷಿನಲ್ಲೇ ಎಂದ. ಕೆಲವು ವಾರ ಮಕ್ಕಳು ಕುರ್ಚಿಗಳನ್ನು ಮುಂದಕ್ಕೆ ಎಳೆದುಕೊಂಡದ್ದೂ ನಿಜ. ಜೂನ್ ಬಂತು, ಬಿಸಿಲು ಬಂತು, ಜೀನ್ಸು ತನ್ನ ಇರವನ್ನು ಮೂಗಿಗೂ ತಿಳಿಸತೊಡಗಿತು. ಕುರ್ಚಿಗಳು ಒಂದೊಂದೇ ಹಿಂದಕ್ಕೆ ಸರಿದವು. ಹತ್ತಿರ ಬರಲೆಂದು ಕೊಂಡ ಜೀನ್ಸು ಮಕ್ಕಳನ್ನು ಗೋಡೆಗೆ ಒರಗಿಸಿತ್ತು.

ಕಮಿಟಿಯವರು ಬರುವ ಶನಿವಾರ ಎದುರಿಗೇ ಬಂತು. ಹಿಂದಿನ ಸಂಜೆ ವತ್ಸಲೆ ದೇವಸ್ಥಾನಕ್ಕೆ ಹೋದದ್ದೇ ತಡ, ನಾನು ಗುರೂಪದೇಶ ನೆನೆದು ಜೀನ್ಸಿಗೆ ಒಂದಿಷ್ಟು ಪನ್ನೀರು ಚಿಮುಕಿಸಿ (ಅದು ನನ್ನ ಸ್ವಂತ ಸಂಶೋಧನೆ) ಫ್ರೀಜರಿನೊಳಕ್ಕೆ ತುರುಕಿದೆ. ಒಳಗೆ ಬಟಾಣಿ, ಅವರೆಕಾಳು, ಡಬ್ಬಿಗಳು, ಜಾಗವಿರಲಿಲ್ಲ. ಯಾವುದೋ ಡಬ್ಬಿಯ ಮುಚ್ಚಳ ಕಳಚಿದರೂ ಒತ್ತಿ ಒತ್ತಿ ಬಾಗಿಲು ಹಾಕಿದೆ. ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ತೆಗೆದರೆ ಜೀನ್ಸು ಬಾಗಿಲ ಹಲಗೆಯಂತಾಗಿತ್ತು. ಅದರೊಳಗೆ ನಾನು ಹೇಗೆ ಇಳಿದೆ ಎಂಬುದನ್ನು ಮರ್ಯಾದಸ್ಥ ಓದುಗರ ಮುಂದೆ ವರ್ಣಿಸಲಾರೆ. ಮೊಣಕಾಲು ಮಡಿಸಲಾಗದೆ, ಕವಾಯತು ಮಾಡುವ ಸಿಪಾಯಿಯಂತೆ ಹಾಲಿನವರೆಗೂ ನಡೆದುಹೋದೆ.

ಹಾಲಿನಲ್ಲಿ ಶಶಿಧರ ಇನ್ನಿಬ್ಬರು ಸದಸ್ಯರೊಡನೆ ಕುಳಿತಿದ್ದರು. ನಾನು ಅತ್ಯಂತ ಸುಲಭದ ಪ್ರಶ್ನೆಯನ್ನೇ ಆರಿಸಿಕೊಂಡೆ. "ಅಮೋಘ್, ಬೆಳಿಗ್ಗೆ ಏನು ತಿಂಡಿ ತಿಂದೆಯಪ್ಪ?"

"ಟೋಸ್ಟ್."

"ಪೂರ್ಣ ವಾಕ್ಯದಲ್ಲಿ ಹೇಳು, ಮರಿ."

"ಐ ಹ್ಯಾಡ್ ಟೋಸ್ಟ್, ಸರ್."

ಶಶಿಧರ ಗಡಿಯಾರ ನೋಡಿಕೊಂಡರು. ಅಷ್ಟು ಹೊತ್ತಿಗೆ ಜೀನ್ಸು ಕರಗತೊಡಗಿತ್ತು. ಚಳಿಗೆ ಮುದುಡಿ ಮಲಗಿದ್ದ ವಾಸನೆ ಎದ್ದು ಕುಳಿತು, ಪನ್ನೀರಿನ ಕೈ ಹಿಡಿದು ಹಾಲಿನ ತುಂಬ ಓಡಾಡಿತು. ಕಮಿಟಿಯವರೊಬ್ಬರು ಎದ್ದು ಕಿಟಕಿ ತೆಗೆದರು. ನನ್ನ ಕಣ್ಣಿಗೆ ಆಗಲೇ ಜುಂಬಾ ಕಾಣಿಸುತ್ತಿತ್ತು.

ಆಗ ಬಾಗಿಲು ಧಡಾರನೆ ತೆರೆಯಿತು. ವತ್ಸಲೆ! ಕೈಯಲ್ಲಿ ಮುಚ್ಚಳವಿಲ್ಲದ ಸ್ಟೀಲ್ ಡಬ್ಬಿ.

"ಎಲ್ರೀ ನೀವು? ಇದೇನು ಅಂತ ಸ್ವಲ್ಪ ನೋಡಿ ಹೇಳಿ!"

ಡಬ್ಬಿಯೊಳಗಿದ್ದದ್ದು ತೆಂಗಿನಕಾಯಿ ತುರಿ. ಆಕಾಶದ ಬಣ್ಣದ ತೆಂಗಿನಕಾಯಿ ತುರಿ.

"ವತ್ಸಲಾ, ಕಮಿಟಿಯವರು ಬಂದಿದ್ದಾರೆ..."

"ಬರ್ಲಿ! ಅವ್ರೂ ನೋಡ್ಲಿ! ಇವತ್ತು ಪಾಪ ಕ್ಲಾಸಿಗೆ ದೊಡ್ಡೋರು ಬರ್ತಾರೆ, ಮಕ್ಕಳಿಗೆ ಕಾಯಿ ಮಿಠಾಯಿ ಮಾಡಿ ಕಳಿಸೋಣ ಅಂತ ತೋಳು ಬೀಳೋ ಹಾಗೆ ತುರಿದು ಫ್ರಿಜ್ಜಲ್ಲಿಟ್ಟಿದ್ದೆ. ಅದರ ಮೇಲೆ ತಂದು ಪ್ಯಾಂಟು ಮಲಗಿಸಿದೀರಲ್ರೀ!"

ಗೋಡೆಗೊರಗಿದ್ದ ಕುರ್ಚಿಗಳು ಅಂದು ಮೊದಲ ಬಾರಿಗೆ ಸದ್ದು ಮಾಡಿದವು. ಮುಂದಿನ ಸಾಲಿಗೆ ಓಡಿಬಂದ ಅಪೂರ್ವಾ ಎಂಬ ಹುಡುಗಿ ಡಬ್ಬಿಯೊಳಗೆ ಇಣುಕಿ, "ವೈ ಈಸ್ ಇಟ್ ಬ್ಲೂ?" ಎಂದಳು.

"ಕನ್ನಡದಲ್ಲಿ ಕೇಳಮ್ಮ. ಇಂಗ್ಲಿಷಲ್ಲಿ ಕೋಪ ಮಾಡ್ಕೊಳ್ಳೋಕೆ ನಂಗೆ ಬರಲ್ಲ."

ಅಪೂರ್ವಾ ಎರಡು ಸಲ ಬಾಯಿ ತೆರೆದು ಮುಚ್ಚಿದಳು. ಆಮೇಲೆ, "ಅಜ್ಜೀ... ಇದು ಯಾಕೆ ನೀಲಿ ಆಗಿದೆ?"

ಶಶಿಧರ ನೆಟ್ಟಗೆ ಕುಳಿತರು.

"ನಿಮ್ಮ ಮೇಷ್ಟ್ರನ್ನೇ ಕೇಳು!"

"ಸರ್, ನೀವು ಫ್ರಿಜ್ ಒಳಗೆ ಪ್ಯಾಂಟ್ ಇಟ್ಟಿದ್ರಾ? ಯಾಕೆ? ಅಲ್ಲಿ ಊಟ ಇಡ್ತಾರೆ, ಅಲ್ವಾ?"

ಈ ಅನ್ಯಾಯ ಸಹಿಸದೆ ಅಮೋಘ್ ನನ್ನ ಪರವಾಗಿ ಎದ್ದುನಿಂತ. "ಅಜ್ಜೀ, ಸರ್ ಪ್ಯಾಂಟ್ ಒಗೀಬಾರ್ದು. ನಮ್ಮ ಅಣ್ಣ ಕೂಡ ಒಗೆಯಲ್ಲ. ಒಗೆದ್ರೆ ಲೈನ್ಸ್ ಹೋಗುತ್ತೆ."

"ನಿಮ್ಮಮ್ಮ ಸುಮ್ನಿರ್ತಾರಾ?"

"ಇಲ್ಲ. ಬೈತಾರೆ."

"ಹೆಂಗೆ ಬೈತಾರೆ? ಹೇಳು ನೋಡೋಣ."

ಅಮೋಘನ ತಾಯಿ ಧಾರವಾಡದವರು. ಹುಡುಗ ಸೊಂಟದ ಮೇಲೆ ಕೈಯಿಟ್ಟು, ಕುತ್ತಿಗೆ ಓರೆ ಮಾಡಿ, ಒಂದೇ ಉಸಿರಿನಲ್ಲಿ ಹೇಳಿದ: "ಏ ಹುಚ್ಚಪ್ಪಾ, ಅದನ್ನ ಹಂಗ ಬಿಟ್ಟಿ ಅಂದ್ರ ಒಂದಿನ ಆ ಪ್ಯಾಂಟ್ ತಾನ ಎದ್ದು ಕಾಲೇಜಿಗೆ ಹೋಗ್ತದ ನೋಡು!"

ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ನಾನು ಮಾತ್ರ ಬೆರಳು ಮಡಿಸಿ ಪದಗಳನ್ನು ಎಣಿಸುತ್ತಿದ್ದೆ. ಇಂಥ ಪೂರ್ಣ ವಾಕ್ಯ ಆ ಹುಡುಗನ ಹೊಟ್ಟೆಯಲ್ಲಿ ಇಷ್ಟು ದಿನ ಎಲ್ಲಿ ಅಡಗಿತ್ತು? ಅಲ್ಲಿಂದ ಮುಂದೆ ತಡೆಯಲು ಯಾರಿಂದಲೂ ಆಗಲಿಲ್ಲ. ತಮ್ಮ ಮನೆಯ ಬೈಗುಳವೇ ಮೇಲೆಂದು ಪ್ರತಿ ಮಗುವೂ ಕೈ ಎತ್ತಿತು. ಮಂಗಳೂರಿನ ಕಡೆಯ ಪುಟ್ಟಿ, "ಎಂಥ ಮಾರಾಯಾ, ನಿನ್ನ ರೂಮಿಗೆ ಕಾಲಿಡ್ಲಿಕ್ಕೆ ಆಗುದಿಲ್ಲ!" ಎಂದಳು. ಮೈಸೂರು, ಕೋಲಾರ, ಶಿರಸಿ ಎಲ್ಲವೂ ಎದ್ದುಬಂದವು. ಬೈಗುಳದಿಂದ ಚರ್ಚೆ ಹುಟ್ಟಿತು. ಒಗೆದರೆ ನೀರು ಹಾಳು ಎಂದು ಒಬ್ಬ, ಒಗೆಯದಿದ್ದರೆ ಮೂಗು ಹಾಳು ಎಂದು ಇನ್ನೊಬ್ಬಳು. ಲಿಂಗ ತಪ್ಪಿತ್ತು, ವಚನ ತಪ್ಪಿತ್ತು, ವಿಭಕ್ತಿಗಳು ಸಿಕ್ಕಸಿಕ್ಕಲ್ಲಿ ಕುಳಿತಿದ್ದವು. ತಿದ್ದಬೇಕೆಂದು ಎದ್ದ ನನ್ನ ಕೈ ತಾನಾಗಿಯೇ ಕೆಳಗಿಳಿಯಿತು.

"ಸರಿ, ಒಗೀಬೇಕು ಅನ್ನೋರು ಕೈ ಎತ್ತಿ," ಎಂದಳು ವತ್ಸಲೆ.

ಎಲ್ಲ ಕೈಗಳೂ ಎದ್ದವು, ಒಂದನ್ನು ಬಿಟ್ಟು. ನನ್ನ ಏಕೈಕ ವಕೀಲ ಅಮೋಘ್ ನನ್ನ ಪಕ್ಕಕ್ಕೆ ಬಂದು ನಿಂತ. ನನ್ನನ್ನು ಬಹಳ ಮರುಕದಿಂದ ನೋಡಿ, "ಕ್ಷಮಿಸಿ ಸರ್, ಒಗೀಬೇಕು," ಎಂದು ತಾನೂ ಕೈ ಎತ್ತಿದ. ಮತದ ಹಕ್ಕಿಲ್ಲದ ಶಶಿಧರರ ಕೈಯೂ ಮೇಲಿತ್ತು.

"ಕ್ಲಾಸ್ ನಿಲ್ಸೋ ಮಾತೇ ಇಲ್ಲ!" ಎಂದರು ಅವರು, ಕಣ್ಣೊರೆಸಿಕೊಳ್ಳುತ್ತ. "ರಜ ಮುಗಿದ ಮೇಲೆ ವತ್ಸಲಾ ಮೇಡಂ ಮಕ್ಕಳನ್ನ ಮಾತಾಡಿಸ್ಲಿ. ಮೇಷ್ಟ್ರೇ, ನೀವು..." ಎಂದು ನನಗೊಂದು ಹುದ್ದೆ ಹುಡುಕಿದರು. ಸಿಗಲಿಲ್ಲ. "ನೀವು ಖಂಡಿತ ಬರ್ತಾ ಇರಿ."

"ಅವ್ರು ಬರ್ದೆ ಹೇಗೆ?" ಎಂದಳು ವತ್ಸಲೆ. "ಮಕ್ಕಳಿಗೆ ಮಾತಾಡೋಕೆ ವಿಷಯ ಬೇಡ್ವಾ?"

ಜೀನ್ಸನ್ನು ಅಂದು ಸಂಜೆಯೇ ಒಗೆಯಲಾಯಿತು. ಒಗೆದ ನೀರು ಕಡುನೀಲಿ. ಒಣಗಿದ ಮೇಲೆ ನೋಡಿದರೆ ಗೆರೆಗಳು ಎಲ್ಲಿಯೂ ಹೋಗಿರಲಿಲ್ಲ. ಮಂಡಿಯ ಹಿಂದೆ ಜೇನುಗೂಡಿನಂತೆ ಬೆಳ್ಳಗೆ ಅರಳಿದ್ದವು. "ಪರವಾಗಿಲ್ಲ, ಚೆನ್ನಾಗೇ ಇದೆ," ಎಂದು ವತ್ಸಲೆ ಅವುಗಳ ಮೇಲೆ ಬೆರಳಾಡಿಸಿದಳು. ಷೆಡ್ಡಿನಿಂದ ಅದಕ್ಕೆ ಬೀರುವಿಗೆ ಬಡ್ತಿ ಸಿಕ್ಕಿತು.

ಈಗ ತರಗತಿಗೆ ಆಚೆಯ ಬಡಾವಣೆ ಕೊಲಿಂಡೇಲಿನಿಂದಲೂ ಮಕ್ಕಳು ಬರುತ್ತಾರೆ. ನಾನು ಮುಂದಿನ ಕುರ್ಚಿಯಲ್ಲಿ ಕೂರುತ್ತೇನೆ. ಪ್ರತಿವಾರ ನನ್ನ ಒಂದೊಂದು ದುರ್ಗುಣದ ಮೇಲೆ ಸಾಂಗೋಪಾಂಗ ಚರ್ಚೆ ನಡೆಯುತ್ತದೆ. ನನ್ನ ಗೊರಕೆಯ ಮೇಲೆ ಅಪೂರ್ವಾ ಆಡಿದ ಮಾತಿನಲ್ಲಿ ಒಂದೇ ಒಂದು ತಪ್ಪಿರಲಿಲ್ಲ, ವ್ಯಾಕರಣದಲ್ಲೂ, ವಿಷಯದಲ್ಲೂ. ಕುಡಿದ ಕಾಫಿ ಲೋಟವನ್ನು ಸೋಫಾದ ಕೆಳಗಿಡುವ ನನ್ನ ಅಭ್ಯಾಸ ಬರುವ ಶನಿವಾರದ ವಿಷಯವೆಂದು ನಿಗದಿಯಾಗಿದೆ.

ನನಗೂ ಮಾನವಿಲ್ಲವೇ? ನಿನ್ನೆ ಕಾಫಿ ಕುಡಿದವನೇ ಎದ್ದುಹೋಗಿ ಲೋಟವನ್ನು ಸಿಂಕಿನಲ್ಲಿಟ್ಟೆ, ತೊಳೆದೂ ಇಟ್ಟೆ. ವತ್ಸಲೆ ಅದನ್ನು ನೋಡಿ ಗಾಬರಿಯಾಗಿ ಬಂದಳು.

"ಏನ್ರೀ ಇದು? ನೀವು ಹೀಗೆಲ್ಲ ಸರಿಹೋಗಿಬಿಟ್ರೆ ಶನಿವಾರ ಮಕ್ಕಳು ಏನು ಮಾತಾಡ್ಬೇಕು?"

ನಾನು ಲೋಟ ತೆಗೆದುಕೊಂಡು ಹೋಗಿ ಸೋಫಾದ ಕೆಳಗಿಟ್ಟೆ.