ಅಗಲದ ಮಾನಿಟರೋ, ಕಪ್ಪಿನ ಮಾನಿಟರೋ ಎಂಬ ಬಗ್ಗೆ

ಇಲಾಖೆಯ ಕಚೇರಿ (ಅಡುಗೆಮನೆಯ ಪಕ್ಕ),
ನೆಲ್ಯಾಡಿ, ಕಡಬ ತಾಲೂಕು
ಸಂಖ್ಯೆ: ಇ.ಕ/ಮಾನಿಟರ್/ತಕರಾರು/2025-26

ಸುತ್ತೋಲೆ

ವಿಷಯ: ಮನೆಯ ಗೇಮಿಂಗ್ ಮೇಜಿಗೆ ಅಲ್ಟ್ರಾವೈಡ್ ಮಾನಿಟರ್ ತರಬೇಕೇ, ಓಎಲ್‌ಇಡಿ ಮಾನಿಟರ್ ತರಬೇಕೇ ಎಂಬ ವಿವಾದವನ್ನು ಇತ್ಯರ್ಥಪಡಿಸುವ ಕುರಿತು.

ಉಲ್ಲೇಖ:
1. ಶ್ರೀ ಸುಬಿನ್ (ಮಗ) ಅವರು ಕಾರಿನಲ್ಲಿ ಆಡಿದ ಮಾತು.
2. ಶ್ರೀಮತಿ ಜಿಷಾ (ಸೊಸೆ) ಅವರ ಅಂದಿನಿಂದ ಚಾಲ್ತಿಯಲ್ಲಿರುವ ಮೌನ.
3. ಶ್ರೀ ಏಲಿಯಾಸ್ (ಯಜಮಾನರು) ಅವರ 'ನನ್ನನ್ನು ಇದಕ್ಕೆ ಎಳೆಯಬೇಡಿ' ಎಂಬ ಮನವಿ (ತಿರಸ್ಕೃತ).

ಪ್ರಸ್ತಾವನೆ:

ಸದರಿ ಸುಬಿನ್ ಮತ್ತು ಜಿಷಾ ಅವರು ಆನ್‌ಲೈನ್ ಗೇಮ್ ಒಂದರಲ್ಲಿ ಒಂದೇ ತಂಡದಲ್ಲಿ ಆಡುತ್ತ ಪರಿಚಯವಾದವರಾಗಿದ್ದು, ಮುಖ ನೋಡುವ ಮೊದಲೇ ಪರಸ್ಪರರ ಪ್ರಾಣವನ್ನು ಹಲವು ಬಾರಿ ಉಳಿಸಿಕೊಂಡಿರುತ್ತಾರೆ. ತದನಂತರ ಉಭಯ ಕುಟುಂಬಗಳ ಒಪ್ಪಿಗೆಯ ಮೇರೆಗೆ ವಿವಾಹವಾಗಿರುತ್ತದೆ. ಜಿಷಾ ಅವರು ಆಲೆಟ್ಟಿಯ ತವರಿನಿಂದ ತಂದಿದ್ದ ಮಾನಿಟರ್ ಮೊನ್ನೆಯ ಸಿಡಿಲಿಗೆ ಸುಟ್ಟುಹೋದ ಕಾರಣ, ಹೊಸದನ್ನು ಆಯ್ಕೆ ಮಾಡಲು ದಂಪತಿಗಳು ಪುತ್ತೂರಿನ ಶ್ರೀ ಹಕೀಮ್ ಅವರ ಕಂಪ್ಯೂಟರ್ ಅಂಗಡಿಗೆ ತೆರಳಿದ್ದರು.

ಕತ್ತಲೆಯ ಗುಹೆಯಲ್ಲಿ ಕಪ್ಪು ಕಪ್ಪಾಗಿಯೇ ಕಾಣಬೇಕು, ಆದ್ದರಿಂದ ಓಎಲ್‌ಇಡಿಯೇ ಆಗಬೇಕು ಎಂಬುದು ಸುಬಿನ್ ಅವರ ವಾದವಾಗಿತ್ತು. ಜಿಷಾ ಅವರು ಅಗಲವಾದ ಅಲ್ಟ್ರಾವೈಡ್ ಕೇಳಿದರು. ನಿರ್ಧಾರವಾಗದೆ ಹಿಂದಿರುಗುವಾಗ, ಉಪ್ಪಿನಂಗಡಿ ದಾಟಿದ ಕೂಡಲೇ ಸುಬಿನ್ ಅವರು "ನಿನಗೆ ಸ್ಕ್ರೀನಿನ ಬಗ್ಗೆ ಎಂತ ಗೊತ್ತುಂಟು?" ಎಂದು ಕೇಳಿರುವುದು ಸಾಬೀತಾಗಿದೆ. ಅಂದಿನಿಂದ ಜಿಷಾ ಅವರ ಹೆಡ್‌ಸೆಟ್ ಕಪಾಟು ಸೇರಿದೆ. ಊಟದ ಮೇಜಿನಲ್ಲಿ ಗಂಡ ಹೆಂಡತಿ ಉಪ್ಪು ಕೇಳುವ ವ್ಯವಹಾರವೂ ಯಜಮಾನರ ಮೂಲಕವೇ ನಡೆಯುತ್ತಿದ್ದು, ಯಜಮಾನರ ಅನ್ನ ಆರಿಹೋಗುತ್ತಿರುವುದನ್ನು ಇಲಾಖೆಯು ಗಂಭೀರವಾಗಿ ಪರಿಗಣಿಸಿದೆ.

ಶ್ರೀ ಹಕೀಮ್ ಅವರು ಸ್ನೇಹದ ಮೇಲೆ ಎರಡೂ ಮಾನಿಟರುಗಳನ್ನು ಪರೀಕ್ಷೆಗಾಗಿ ಮನೆಗೆ ಕಳುಹಿಸಿದರು. ಪರೀಕ್ಷೆಯ ವರದಿ ಕೆಳಕಂಡಂತಿದೆ.

ಓಎಲ್‌ಇಡಿಯಲ್ಲಿ ಗುಹೆಯ ದೃಶ್ಯ ಬಂದಾಗ ಪರದೆ ಎಷ್ಟು ಕಪ್ಪಾಯಿತೆಂದರೆ, ಕರೆಂಟು ಹೋಯಿತೆಂದು ತಿಳಿದ ಯಜಮಾನರು ಲೈನ್‌ಮ್ಯಾನ್ ಶ್ರೀ ಪರಮೇಶ್ವರ ಅವರಿಗೆ ಫೋನ್ ಮಾಡಿದರು. ತಲೆಯ ಮೇಲೆ ಫ್ಯಾನ್ ತಿರುಗುತ್ತಿದ್ದುದು ಅವರ ಗಮನಕ್ಕೆ ಬರಲಿಲ್ಲ. ಪರಮೇಶ್ವರ ಅವರು ಬಂದು, ಕಂಬ ಹತ್ತಿ ಇಳಿದು, ಒಳಗೆ ಬಂದು ಪರದೆ ನೋಡಿ, "ಕರೆಂಟು ಸರಿ ಉಂಟು ಮಾರಾಯ್ರೆ, ಗುಹೆಯಲ್ಲಿ ಇಲ್ಲ" ಎಂದು ವರದಿ ನೀಡಿದರು. ಗುಹೆಗೆ ಸಂಪರ್ಕ ಕೊಡುವುದು ತಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂದೂ ತಿಳಿಸಿ, ಚಹಾ ಕುಡಿದು ತೆರಳಿದರು.

ಅಲ್ಟ್ರಾವೈಡ್‌ನಲ್ಲಿ ಇಲಾಖೆಯ ಮುಖ್ಯಸ್ಥರು ಸ್ವತಃ ಧಾರಾವಾಹಿ ವೀಕ್ಷಿಸಿದರು. ಚಿತ್ರ ನಡುವೆ ಮಾತ್ರ ಇದ್ದು ಎರಡು ಬದಿಗಳಲ್ಲಿ ಕಪ್ಪು ಪಟ್ಟಿಗಳು ಕಂಡುಬಂದವು. ಧಾರಾವಾಹಿಯ ಅತ್ತೆ ಆ ಪಟ್ಟಿಯ ಹಿಂದೆ ನಿಂತು ಕದ್ದು ಕೇಳುತ್ತಿರಬಹುದೆಂಬ ಶಂಕೆಯಿಂದ ಮುಖ್ಯಸ್ಥರು ಮಾನಿಟರಿನ ಹಿಂಬದಿ ಪರಿಶೀಲಿಸಿದರು. ಧೂಳು ಮಾತ್ರ ಸಿಕ್ಕಿತು. ಒರೆಸಲಾಯಿತು.

ಪರೀಕ್ಷೆಯಿಂದ ವಿವಾದ ಬಗೆಹರಿಯದ ಕಾರಣ ಹಾಲ್‌ನಲ್ಲಿ ವಿಚಾರಣೆ ನಡೆಸಲಾಯಿತು. ವಿಚಾರಣೆಯು ಕಚೇರಿ ಸ್ವರೂಪದ್ದಾದುದರಿಂದ ಮನೆಮಾತಾದ ಮಲಯಾಳವನ್ನು ಬದಿಗಿಟ್ಟು ಕನ್ನಡದಲ್ಲೇ ಹೇಳಿಕೆ ಪಡೆಯಲಾಯಿತು. ಸುಬಿನ್ ಅವರು ಕಪ್ಪಿನ ಬಗ್ಗೆ ದೀರ್ಘವಾಗಿ ಮಾತನಾಡಿದರು, ದಾಖಲಿಸಿಲ್ಲ. ಬಳಿಕ ಜಿಷಾ ಅವರು ಇಲಾಖೆಯ ಮುಖ್ಯಸ್ಥರನ್ನು ಉದ್ದೇಶಿಸಿ ನೀಡಿದ ಹೇಳಿಕೆ:

"ಅಗಲ ಕೇಳಿದ್ದು ನನಗೆ ಕಾಣ್ಲಿಕ್ಕೆ ಅಲ್ಲ ಅಮ್ಮಚ್ಚಿ. ಮದುವೆಗೆ ಮೊದಲು ಅವರು ಇಲ್ಲಿ, ನಾನು ಆಲೆಟ್ಟಿಯಲ್ಲಿ ಕೂತು ಆಡುದು. ಈಗ ಒಂದೇ ಮನೆ. ಸ್ಕ್ರೀನನ್ನು ಎರಡು ಭಾಗ ಮಾಡಿ, ಪಕ್ಕದಲ್ಲಿ ಕೂತು ಕಾರ್ ಓಡಿಸ್ಬಹುದು ಅಂತ."

ಯಜಮಾನರು ಫ್ಯಾನ್ ನೋಡಿದರು. ಸುಬಿನ್ ಅವರು ಬಹಳ ಹೊತ್ತು ತಮ್ಮ ಕಾಲ ಹೆಬ್ಬೆರಳನ್ನು ವೀಕ್ಷಿಸಿ, ತರುವಾಯ "ಅದು ನನಗೆ ಹೊಳೆಯಲೇ ಇಲ್ಲ. ನಾನು ಹಾಗೆ ಹೇಳ್ಬಾರದಿತ್ತು" ಎಂದರು. ಇದನ್ನು ಕ್ಷಮಾಪಣೆ ಎಂದು ಪರಿಗಣಿಸಬಹುದೇ ಎಂದು ಇಲಾಖೆ ಕೇಳಿದಾಗ ಜಿಷಾ ಅವರು ಎದ್ದುಹೋಗಿ ಕಪಾಟಿನಿಂದ ಹೆಡ್‌ಸೆಟ್ ತಂದರು. ಅರ್ಜಿ ಅಂಗೀಕೃತವಾಯಿತೆಂದು ತೀರ್ಮಾನಿಸಲಾಯಿತು.

ಆದ್ದರಿಂದ ಈ ಕೆಳಕಂಡಂತೆ ಆದೇಶಿಸಲಾಗಿದೆ:

1. ಅಲ್ಟ್ರಾವೈಡ್ ಮಾನಿಟರನ್ನು ಉಳಿಸಿಕೊಳ್ಳತಕ್ಕದ್ದು. ಮೇಜಿನಲ್ಲಿ ಜಾಗ ಸಾಲದಿರುವುದರಿಂದ ಪ್ರಿಂಟರ್‌ಗೆ ತೋಟದ ರಬ್ಬರ್ ಶೀಟು ಒಣಗಿಸುವ ಕೋಣೆಗೆ ವರ್ಗಾವಣೆ ನೀಡಲಾಗಿದೆ. ವಾಸನೆಯ ಕಾರಣಕ್ಕೆ ವರ್ಗಾವಣೆ ರದ್ದುಪಡಿಸುವಂತೆ ಪ್ರಿಂಟರ್ ಪರವಾಗಿ ಯಾರೂ ಶಿಫಾರಸು ತರತಕ್ಕದ್ದಲ್ಲ.

2. ಕಪ್ಪು ಸಾಲದೆಂದು ಅನಿಸಿದಲ್ಲಿ ಸುಬಿನ್ ಅವರು ಕೋಣೆಯ ಲೈಟ್ ಆರಿಸಿಕೊಳ್ಳಬಹುದು. ಅದೂ ಸಾಲದಿದ್ದಲ್ಲಿ ಕಣ್ಣು ಮುಚ್ಚತಕ್ಕದ್ದು.

3. ಅಗಲವೂ ಓಎಲ್‌ಇಡಿಯೂ ಎರಡೂ ಆಗಿರುವ ಮಾನಿಟರ್ ಮಾರುಕಟ್ಟೆಯಲ್ಲಿದೆ ಎಂಬ ವಿಚಾರವನ್ನು ಈ ಮನೆಯಲ್ಲಿ ಯಾರೂ ಉಚ್ಚರಿಸತಕ್ಕದ್ದಲ್ಲ. ಅದರ ಬೆಲೆ ಕೇಳಿದ ಯಜಮಾನರು ಇನ್ನೂ ಚೇತರಿಸಿಕೊಳ್ಳುತ್ತಿದ್ದಾರೆ.

4. ಪರದೆಯ ನಡುವಿನ ಗೆರೆಯನ್ನು ಗಡಿ ಎಂದು ಭಾವಿಸತಕ್ಕದ್ದು. ಒಬ್ಬರ ಮೊಣಕೈ ಇನ್ನೊಬ್ಬರ ಗಡಿ ದಾಟಿದಲ್ಲಿ ನೋಟಿಸ್ ಇಲ್ಲದೆ ತೆರವುಗೊಳಿಸಬಹುದು. ಕೈ ಹಿಡಿದಿದ್ದಲ್ಲಿ ಈ ಷರತ್ತು ಅನ್ವಯಿಸುವುದಿಲ್ಲ.

5. ಗೇಮಿನಲ್ಲಿ ಸತ್ತವರು ಊಟಕ್ಕೆ ಕರೆದಾಗ ಬರತಕ್ಕದ್ದು. ಬದುಕಿರುವವರೂ ಬರತಕ್ಕದ್ದು.

6. ಇಲಾಖೆಯ ಮುಖ್ಯಸ್ಥರು ತಪಾಸಣೆಯ ಸಲುವಾಗಿ ಒಮ್ಮೆ ಕಾರ್ ಓಡಿಸಿರುತ್ತಾರೆ. ಅವರ ಕಾರು ರಸ್ತೆ ಬಿಟ್ಟು ಸಮುದ್ರ ಸೇರಿದ್ದು ಆಡಳಿತಾತ್ಮಕ ಕಾರಣಗಳಿಂದಾಗಿದ್ದು, ಈ ಬಗ್ಗೆ ಮಾಹಿತಿ ಹಕ್ಕಿನಡಿ ಪ್ರಶ್ನಿಸಲು ಅವಕಾಶವಿರುವುದಿಲ್ಲ.

ಸಹಿ/-
ಅಚ್ಚಾಮ್ಮ
ನಿವೃತ್ತ ಪ್ರಥಮ ದರ್ಜೆ ಸಹಾಯಕಿ,
ಹಾಲಿ ಅತ್ತೆ

ಪ್ರತಿಗಳು:
1. ಶ್ರೀ ಹಕೀಮ್, ಪುತ್ತೂರು: ಓಎಲ್‌ಇಡಿಯನ್ನು ಹಿಂಪಡೆಯುವ ಸಲುವಾಗಿ. ಅದರ ನಡತೆಯ ಬಗ್ಗೆ ಇಲಾಖೆಗೆ ದೂರಿಲ್ಲ.
2. ಶ್ರೀ ಏಲಿಯಾಸ್, ಯಜಮಾನರು: ಅನ್ನ ಬಿಸಿಯಿರುವಾಗಲೇ ಉಣ್ಣಬಹುದೆಂಬ ಮಾಹಿತಿಗಾಗಿ.
3. ಫ್ರಿಜ್ಜಿನ ಬಾಗಿಲು: ಪ್ರಕಟಣೆಗಾಗಿ.
4. ಶ್ರೀಮತಿ ಜಿಷಾ: ಪ್ರತಿ ಅಗತ್ಯವಿಲ್ಲ. ಇದನ್ನು ಟೈಪ್ ಮಾಡಿದ್ದು ಅವರೇ.
5. ಶ್ರೀ ಸುಬಿನ್: ಇವರಿಗೂ ಅಗತ್ಯವಿಲ್ಲ. ಟೈಪ್ ಆಗುವಷ್ಟು ಹೊತ್ತೂ ಪಕ್ಕದ ಕುರ್ಚಿಯಲ್ಲಿ ಕುಳಿತು ಕಾಗುಣಿತ ತಿದ್ದಿರುತ್ತಾರೆ. ಉಳಿದ ತಪ್ಪುಗಳಿಗೆ ಇಬ್ಬರೂ ಜಂಟಿಯಾಗಿ ಹೊಣೆಗಾರರು.